ಹಿತ್ತಾಳೆಯ ಮುಖ, ಹೆಬ್ಬೆರಳಿನ ಅಳತೆ

ಮನುಷ್ಯರ ಮುಖ ಕಂಡ ಕೂಡಲೇ ಅದನ್ನು ಮೂರು ಪಾಲು ಮಾಡುವ ಕೆಟ್ಟ ಚಟ ನನಗಿದೆ. ಕೂದಲಿನ ಅಂಚಿನಿಂದ ಹುಬ್ಬಿನವರೆಗೆ ಒಂದು ಪಾಲು, ಹುಬ್ಬಿನಿಂದ ಮೂಗಿನ ತುದಿಗೆ ಇನ್ನೊಂದು, ಅಲ್ಲಿಂದ ಗದ್ದಕ್ಕೆ ಮೂರನೆಯದು. ಮೂರೂ ಸಮ ಬಂದರೆ ಅದು ಶಾಸ್ತ್ರದ ಮುಖ, ಬರದಿದ್ದರೆ ನನ್ನ ನಿಮ್ಮಂಥವರ ಮುಖ. ಸಿಟಿ ಬಸ್ಸಿನಲ್ಲಿ ಎದುರಿಗೆ ಕೂತವರನ್ನು ಹೀಗೆ ಅಳೆಯುತ್ತ ಎರಡು ಸಲ ಬೈಸಿಕೊಂಡಿದ್ದೇನೆ, ಒಮ್ಮೆ ಮರಾಠಿಯಲ್ಲಿ, ಒಮ್ಮೆ ನಮ್ಮ ಕನ್ನಡದಲ್ಲೇ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ, ನಿನ್ನ ಮೂಗು ಅರ್ಧ ಅಂಗುಲ ಗಿಡ್ಡ ಎಂದು ಹೇಳಿಬಿಟ್ಟಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, "ನಿಮ್ಮ ನಾಲಿಗಿ ಒಂದು ಅಂಗುಲ ಉದ್ದ ಅದ. ಎರಡೂ ಕೂಡಿಸಿದ್ರ ಮನ್ಯಾಗ ಅರ್ಧ ಅಂಗುಲ ಹೆಚ್ಚಿಗೇನ ಆತು. ಸುಮ್ಮನ ಉಣ್ರಿ" ಎಂದಳು.

ಈ ಚಟ ಹತ್ತಿಸಿದವನು ನನ್ನ ಸೋದರಮಾವ. ಬಾಗಲಕೋಟೆ ಕಡೆಯ ಹಳ್ಳಿಯೊಂದರಲ್ಲಿ ಅವನು ಮರದ ದೇವಿಯರನ್ನು ಕೆತ್ತುತ್ತಿದ್ದ. ನಾನು ಹುಡುಗನಿದ್ದಾಗ ಹಲಗೆಯ ಮೇಲೆ ಇದ್ದಿಲಿನಿಂದ ಕೋಳಿ ತತ್ತಿಯಂಥ ಗುಂಡು ಬರೆದು, ಅದನ್ನು ಮೂರು ಪಾಲು ಮಾಡಿ ತೋರಿಸುತ್ತಿದ್ದ. ಒಂದು ಕಣ್ಣು ಎಷ್ಟು ಅಗಲವೋ ಎರಡು ಕಣ್ಣಿನ ನಡುವೆ ಅಷ್ಟೇ ಜಾಗ ಇರಬೇಕು. ಹುಬ್ಬು ಬೇವಿನೆಲೆಯ ಹಾಗೆ, ಕಣ್ಣು ಮೀನಿನ ಹಾಗೆ, ಮೂಗು ಎಳ್ಳಿನ ಹೂವಿನ ಹಾಗೆ, ಗದ್ದ ಮಾವಿನ ವಾಟೆಯ ಹಾಗೆ. ಅವನ ಬಾಯಿಂದ ಇದು ಮಗ್ಗಿಯಂತೆ ಬರುತ್ತಿತ್ತು. ನಾನೂ ಮಗ್ಗಿಯಂತೆಯೇ ಕಲಿತೆ, ಅಂದರೆ ಅರ್ಥ ಕೇಳದೆ ಬಾಯಿಪಾಠ ಮಾಡಿದೆ.

ನಾನು ದೇವಿಯರನ್ನು ಕೆತ್ತುವವನಾಗಲಿಲ್ಲ. ಹೊಟ್ಟೆಪಾಡು ಪುಣೆಗೆ ತಂದಿತು, ಭೋಸರಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡುವ ಕೆಲಸಕ್ಕೆ ಸೇರಿದೆ. ಪ್ಯಾಟರ್ನ್ ಎಂದರೆ ಎರಕಕ್ಕೆ ಮೊದಲು ಮಾಡುವ ಕಟ್ಟಿಗೆಯ ರೂಪ. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಗುಳಿ ಬೀಳುತ್ತದೆ. ಗುಳಿಗೆ ಕಾದ ಲೋಹ ಹೊಯ್ದರೆ ಪಂಪಿನ ಹೊಟ್ಟೆಯೋ ವಾಲ್ವಿನ ಮುಚ್ಚಳವೋ ಹೊರಬರುತ್ತದೆ. ಆದರೆ ಲೋಹ ಆರುವಾಗ ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನನ್ನು ಬೇಕಾದದ್ದಕ್ಕಿಂತ ತುಸು ದೊಡ್ಡದಾಗಿ ಮಾಡಬೇಕು. ಇದಕ್ಕೆಂದೇ ನಮ್ಮಲ್ಲಿ ಬೇರೆ ಉಕ್ಕಿನ ಪಟ್ಟಿ ಇರುತ್ತದೆ, ಅದರ ಒಂದಿಂಚು ನಿಜವಾದ ಇಂಚಿಗಿಂತ ಒಂದು ಕೂದಲೆಳೆ ಉದ್ದ. ಸುಳ್ಳು ಹೇಳಿ ನಿಜ ಹುಟ್ಟಿಸುವ ಪಟ್ಟಿ ಎಂದು ನಾವು ನಗುತ್ತಿದ್ದೆವು. ಆ ಪಟ್ಟಿ ಹಿಡಿದೇ ಮಗಳನ್ನು ಓದಿಸಿದೆ, ಎರಡು ಕೋಣೆಯ ಮನೆ ಮಾಡಿಕೊಂಡೆ. ಭೋಸರಿಯ ಧೂಳನ್ನು ಬೈಯುವವರು ಬಹಳ. ನಾನು ಬೈಯಲಾರೆ, ಅದು ನನಗೆ ಅನ್ನ ಹಾಕಿದೆ.

ಈ ಕತೆ ನಾನು ನಿವೃತ್ತನಾಗುವ ಹಿಂದಿನ ವರ್ಷದ್ದು. ನಮ್ಮ ಫೌಂಡ್ರಿಯಲ್ಲಿ ಮರಳಿನ ಅಚ್ಚು ಕಟ್ಟುವವನೊಬ್ಬ ಇದ್ದ, ಯಾದಗಿರಿ ಕಡೆಯವನು. ಅವನ ತಾಯಿ ತಂದೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ಒಂದು ಕಟ್ಟಡ ಎದ್ದ ಮೇಲೆ ಇನ್ನೊಂದರ ಬುಡಕ್ಕೆ ತಗಡಿನ ಶೆಡ್ಡು ಹೊತ್ತುಕೊಂಡು ಹೋಗುತ್ತ ಬದುಕು ಕಳೆದವರು. ತಂದೆ ತೀರಿಕೊಂಡಿದ್ದ. ತಾಯಿಗೆ ಎಪ್ಪತ್ತು ದಾಟಿತ್ತು. ಆ ಬೇಸಿಗೆಯಲ್ಲಿ ಅವರು ಕೊನೆಗೂ ಶೆಡ್ಡು ಬಿಟ್ಟು ಚಾಳಿನ ಒಂದು ಗಟ್ಟಿ ಗೋಡೆಯ ಖೋಲಿಗೆ ಬಂದರು. ಸಂತೋಷದ ಸುದ್ದಿ ಎಂದುಕೊಂಡು ನಾನು ಪೇಢೆ ಕೇಳಿದರೆ, ಅವನು ಕಣ್ಣು ತುಂಬಿಕೊಂಡ.

ಅವರ ಮನೆದೇವರು ಯಲ್ಲಮ್ಮ. ದೇವಿ ಎಂದರೆ ಅಂಗೈಯಗಲದ ಒಂದು ಹಿತ್ತಾಳೆಯ ಮುಖ, ಅಷ್ಟೇ. ನೀರು ತುಂಬಿದ ಕೊಡಕ್ಕೆ ಆ ಮುಖ ಕಟ್ಟಿ, ಹಸಿರು ಖಣದ ಬಟ್ಟೆ ಸುತ್ತಿದರೆ ಅವ್ವ ತಯಾರು. ಮುದುಕಿ ಅದನ್ನು ತನ್ನ ಅತ್ತೆಯಿಂದ ಪಡೆದದ್ದು. ಎಲ್ಲಿ ಶೆಡ್ಡು ಹಾಕಿದರೂ ಮೊದಲು ಅವ್ವನ ಮೂಲೆ, ಆಮೇಲೆ ಒಲೆ. ಆ ಮನೆಯಲ್ಲಿ ಎಲ್ಲರೂ ಅವ್ವನ ಎದುರಿಗೆ ಸಾಲಾಗಿ ಕೂತೇ ಉಣ್ಣುತ್ತಾರೆ, ಅದು ಅವರ ಪದ್ಧತಿ. ಹೊಸ ಖೋಲಿಗೆ ಬರುವ ದಿನ ಆ ಮುಖವನ್ನು ಬಟ್ಟೆಯಲ್ಲಿ ಕಟ್ಟಿ ಮುದುಕಿಯೇ ಮಡಿಲಲ್ಲಿ ಇಟ್ಟುಕೊಂಡಿದ್ದಳು. ದಾರಿಯಲ್ಲಿ ಟೆಂಪೊ ಕೆಟ್ಟಿತು. ಸಾಮಾನು ಇಳಿಸಿ ಇನ್ನೊಂದಕ್ಕೆ ಏರಿಸುವಾಗ, ಹಾಸಿಗೆಯ ಸುರುಳಿಗೆ ಕೈ ಕೊಡಲೆಂದು ಗಂಟನ್ನು ರಸ್ತೆ ಪಕ್ಕದ ಕಟ್ಟೆಯ ಮೇಲೆ ಇಟ್ಟಳು. ಅದು ಅಲ್ಲೇ ಉಳಿಯಿತು. ಅರ್ಧ ಗಂಟೆಯಲ್ಲಿ ನೆನಪಾಗಿ ಓಡಿಹೋದರೆ ಕಟ್ಟೆ ಖಾಲಿ ಇತ್ತು.

"ಅಂದಿನಿಂದ ನಮ್ಮವ್ವ ಹೊಸ್ತಿಲದಾಗ ಕೂತು ಉಣ್ತಾಳ್ರೀ" ಎಂದ ಮಗ. "ದೇವ್ರ ಮೂಲಿಗೆ ಬೆನ್ನ ಮಾಡಿ ಕೂಡ್ತಾಳ. ಕಳದಾಕಿ ನಾನು, ಸಾಲಿನ್ಯಾಗ ನನಗ ಜಾಗ ಇಲ್ಲ ಅಂತಾಳ. ನಾವ್ಯಾರೂ ಒಂದು ಮಾತು ಅಂದಿಲ್ರೀ. ಯಾರಾರೆ ಅಂದಿದ್ರ ಜಗಳಾ ಆಡಿ ಹಗುರ ಆಗ್ತಿದ್ಳೇನೋ." ಪೇಟೆಯಿಂದ ಒಂದು ಹೊಸ ಮುಖ ತಂದಿದ್ದನಂತೆ. ಮುದುಕಿ ಅದನ್ನು ನೋಡಿ, ಗೊಂಬೆ ಇದು, ಮಕ್ಕಳಿಗೆ ಆಡಾಕ ಕೊಡು ಎಂದಳಂತೆ. "ನವರಾತ್ರಿ ಘಟ್ಟ ಹಾಕೂದ್ರೊಳಗ ನೀವೊಂದು ಮಾಡಿಕೊಡ್ರಿ. ನಿಮಗ ಮುಖದ ವಿದ್ಯಾ ಗೊತ್ತದ ಅಂತ ಎಲ್ಲಾರೂ ಅಂತಾರ."

ಎಲ್ಲರೂ ಹಾಗನ್ನುತ್ತಾರೆ ಎಂಬುದೇ ನನಗೆ ಸಾಕಾಯಿತು. ಹೊಗಳಿದರೆ ಉಬ್ಬುವ ಜಾತಿ ನಾನು. ಹಳೆಯ ಮುಖದ ಫೋಟೊ ಕೇಳಿದೆ. ಮೊಬೈಲಿನಲ್ಲಿ ಹತ್ತಾರು ಇದ್ದವು. ಎಲ್ಲದರಲ್ಲೂ ಅವ್ವ ಭಂಡಾರದ ಅರಿಶಿನ, ಕುಂಕುಮ, ನತ್ತು, ಹೂವಿನ ನಡುವೆ ಮುಳುಗಿದ್ದಳು, ಕಾಣುವುದು ಎರಡು ಕಣ್ಣಿನ ಗುಡ್ಡೆ ಮಾತ್ರ. ಮನೆಯವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಸೊಸೆ ದುಂಡು ಮುಖ ಎಂದಳು, ಮಗ ಉದ್ದ ಎಂದ. ಮುದುಕಿ ಮಾತ್ರ, "ಹ್ಯಾಂಗ ಇದ್ಳು ಅಂದ್ರ ಏನ ಹೇಳ್ಲಿ ತಮ್ಮಾ? ನಮ್ಮವ್ವ ಇದ್ದಂಗ ಇದ್ಳು" ಎಂದಳು. ನನಗೆ ಒಳಗೊಳಗೇ ಖುಷಿ. ಯಾರಿಗೂ ನೆನಪಿಲ್ಲವಾದರೆ ಶಾಸ್ತ್ರವೇ ಗತಿ, ಶಾಸ್ತ್ರ ನನ್ನ ಕೈಯಲ್ಲಿದೆ.

ಒಂದು ತಿಂಗಳು ಊಟ ನಿದ್ದೆ ಬಿಟ್ಟವನಂತೆ ಕೆಲಸ ಮಾಡಿದೆ. ಸಾಗುವಾನಿಯ ತುಂಡು ತಂದು, ಮೂರು ಪಾಲು ಮಾಡಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ಕೆತ್ತಿದೆ. ಬೇವಿನೆಲೆ, ಮೀನು, ಎಳ್ಳಿನ ಹೂವು, ಮಾವಿನ ವಾಟೆ, ಮಾವ ಹೇಳಿದ್ದೆಲ್ಲ ಬಂತು. ಮಗನೇ ಮರಳು ಕಟ್ಟಿ ಎರಕ ಹೊಯ್ದ. ತಿಕ್ಕಿ ತೀಡಿ ಹೊಳಪು ಕೊಟ್ಟಾಗ ಫೌಂಡ್ರಿಯವರೆಲ್ಲ ಬಂದು ನೋಡಿದರು, ಮರಾಠಿ ಸೂಪರ್‌ವೈಸರ್ ಕೈಮುಗಿದ. ಅದನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿಕೊಂಡು ಚಾಳಿಗೆ ಹೋದೆ.

ಮುದುಕಿ ಹೊಸ್ತಿಲಲ್ಲೇ ಕೂತು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ನನ್ನ ಮಡಿಲಿಗೇ ಇಟ್ಟಳು.

"ಭಾಳ ಚಂದ ಅದಾಳ ತಮ್ಮಾ. ದೊಡ್ಡವರ ಮನಿ ಸೊಸಿ ಇದ್ದಂಗ ಅದಾಳ. ನಮ್ಮ ಮನ್ಯಾಗ ಈಕಿ ಹ್ಯಾಂಗ ಬಾಳೇ ಮಾಡ್ತಾಳ?"

ಮಗ ತಲೆ ತಗ್ಗಿಸಿದ. ಸೊಸೆ ಚಹಾ ತರುತ್ತೇನೆಂದು ಎದ್ದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚಹಾ ಕುಡಿಯದೆ ಎದ್ದು ಬಂದೆ. ಮೆಟ್ರೊದಲ್ಲಿ ನಿಂತು, ಶಾಸ್ತ್ರ ಗೊತ್ತಿಲ್ಲದವರಿಗೆ ಮಾಡಿಕೊಡಲು ಹೋದ ನನ್ನನ್ನು ಮೊದಲು ಬಡಿಯಬೇಕು ಎಂದು ಬೈದುಕೊಂಡೆ. ಮನೆಗೆ ಬಂದು ಹೆಂಡತಿಯ ಎದುರು ಕೂಗಾಡಿದೆ. ಅವಳು ಎಲ್ಲ ಕೇಳಿ, "ಆ ಮುದುಕಿ ಕಣ್ಣೀರು ಹಾಕಿಲ್ಲ, ನೀವ್ಯಾಕ ಹಾಕ್ತೀರಿ? ಕಳಕೊಂಡಾಕಿ ಆಕಿ" ಎಂದಳು. ಇಂಥ ಮಾತನ್ನು ಹೊತ್ತಿಗೆ ಸರಿಯಾಗಿ ಹೇಳುವ ಹೆಂಡತಿ ಸಿಕ್ಕಿದ್ದು ನನ್ನ ಪುಣ್ಯ. ಆ ದಿನ ಮಾತ್ರ ಹಾಗೆ ಅನ್ನಿಸಲಿಲ್ಲ.

ಮುಂದಿನ ಭಾನುವಾರ ಲೋಣಾವಳಾ ಲೋಕಲ್ ಹತ್ತಿದೆ. ಸಿಟ್ಟು ಬಂದಾಗ ನಾನು ಹೋಗುವ ಜಾಗ ಅದು. ಲೋಣಾವಳಕ್ಕೆ ಒಂದು ಸ್ಟೇಶನ್ ಮೊದಲೇ ಇಳಿದು ಕಾರ್ಲಾ ಗುಹೆಯ ಮೆಟ್ಟಿಲು ಹತ್ತುತ್ತೇನೆ. ಗುಹೆಯ ಬಾಗಿಲ ಪಕ್ಕದಲ್ಲಿ ದಂಪತಿಗಳನ್ನು ಕೆತ್ತಿದ್ದಾರೆ. ಅಗಲ ಮುಖ, ದಪ್ಪ ತುಟಿ, ಗಟ್ಟಿ ಭುಜ. ನನ್ನ ಮೂರು ಪಾಲಿಗೆ ಅವರು ಯಾವತ್ತೂ ಸಿಕ್ಕಿಲ್ಲ. ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆದಾಗೆಲ್ಲ ಒಂದು ಪಾಲು ಕಮ್ಮಿಯೇ. ಆದರೂ ಅವರ ಎದುರು ನಿಂತರೆ ಊಟ ಆದ ಮೇಲಿನ ಸಮಾಧಾನ ಬರುತ್ತದೆ.

ಅವತ್ತು ಮಳೆ ಧಾರಾಕಾರ ಹೊಯ್ಯುತ್ತಿತ್ತು. ಗುಹೆಯಲ್ಲಿ ನಾನು ಮತ್ತು ನಾಲ್ಕು ಜನ ಇದ್ದೆವು. ಹೊರಗೆ, ಗುಹೆಯ ಮುಂದೆಯೇ ಇರುವ ಏಕವೀರಾ ದೇವಿಯ ಗುಡಿಗೆ ಮಾತ್ರ ಛತ್ರಿಗಳ ಸಾಲು ಮೆಟ್ಟಿಲಿನ ಕೆಳಗಿನವರೆಗೂ ಇತ್ತು. ಆ ದೇವಿಗೆ ಬೇವಿನೆಲೆಯ ಹುಬ್ಬಿಲ್ಲ, ಎಳ್ಳಿನ ಹೂವಿನ ಮೂಗಿಲ್ಲ. ಸಿಂಧೂರ ಮೆತ್ತಿ ಮೆತ್ತಿ ದುಂಡಗಾದ ಮುಖ, ಅದರಲ್ಲಿ ದೊಡ್ಡ ಕಣ್ಣು. ಎರಡು ಸಾವಿರ ವರ್ಷದಿಂದ ಕಲ್ಲಿನಲ್ಲಿ ನಗುತ್ತಿರುವ ಚೆಲುವೆಯರನ್ನು ನೋಡುವವರಿಲ್ಲ, ಸಿಂಧೂರದ ಮುಖ ನೋಡಲು ಜನ ಮಳೆಯಲ್ಲಿ ನೆನೆಯುತ್ತಿದ್ದಾರೆ. ನಾನು ಬಹಳ ವರ್ಷ ಇದನ್ನು ಜನರ ದಡ್ಡತನ ಎಂದೇ ತಿಳಿದಿದ್ದೆ.

ಮಳೆ ನಿಲ್ಲಲಿ ಎಂದು ಅಲ್ಲೇ ಕೂತು ಯೋಚನೆ ಮಾಡಿದೆ. ಬಾದಾಮಿಯ ಗುಹೆಯಲ್ಲಿ ಗಲ್ಲ ತುಂಬಿದ, ಕೆಳತುಟಿ ಉಬ್ಬಿದ, ಅರೆಗಣ್ಣಿನ ಮುಖಗಳಿವೆ. ಗಾಂಧಾರದ ಮೂರ್ತಿಯೊಂದರ ನಕಲನ್ನು ಪುಣೆಯಲ್ಲೇ ಒಂದು ಪ್ರದರ್ಶನದಲ್ಲಿ ನೋಡಿದ್ದೆ, ಹಣೆಯಿಂದ ಇಳಿದ ಗೆರೆ ಎಲ್ಲೂ ತಗ್ಗದೆ ಮೂಗಾಗಿತ್ತು. ಗುಜರಾತಿನ ಹಳೆಯ ಹಸ್ತಪ್ರತಿಗಳ ಚಿತ್ರದಲ್ಲಿ ಮುಖ ಅತ್ತ ತಿರುಗಿದ್ದರೂ ಆಚೆಯ ಕಣ್ಣು ಕೆನ್ನೆ ದಾಟಿ ಗಾಳಿಯಲ್ಲಿ ನಿಂತಿರುತ್ತದೆ, ಎರಡೂ ಕಣ್ಣು ಕಾಣದೆ ಅವರಿಗೆ ಚಂದ ಅನ್ನಿಸುತ್ತಿರಲಿಲ್ಲ. ಈಗ ನನ್ನ ಮಗಳ ಮೊಬೈಲು ಎಲ್ಲರ ಗದ್ದವನ್ನೂ ತಾನಾಗಿಯೇ ಚೂಪು ಮಾಡುತ್ತದೆ. ಒಂದೊಂದು ಕಾಲದವರು ಒಂದೊಂದು ಅಳತೆ ಹಿಡಿದಿದ್ದಾರೆ, ಪ್ರತಿಯೊಬ್ಬರೂ ತಮ್ಮದೇ ಸರಿ ಎಂದಿದ್ದಾರೆ. ಹಾಗಾದರೆ ಆ ಮುದುಕಿಯ ಮನೆಯ ಅಳತೆ ಯಾವುದು? ಅಲ್ಲಿಯವರೆಗೆ ನನಗೆ ಆ ಪ್ರಶ್ನೆಯೇ ಹುಟ್ಟಿರಲಿಲ್ಲ.

ಮರುದಿನ ಮುದುಕಿಯ ಮಗನನ್ನು ಕೇಳಿದೆ, ನಿಮ್ಮಲ್ಲಿ ಆ ಮುಖಕ್ಕೆ ಏನೇನು ಮಾಡುತ್ತಿದ್ದಿರಿ ಎಂದು. "ಏನ್ ಮಾಡ್ತೀವ್ರೀ? ಮಂಗಳವಾರ, ಶುಕ್ರವಾರ ನಮ್ಮವ್ವ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕತಿದ್ಳು. ಬ್ಯಾರೆ ಯಾರಿಗೂ ಮುಟ್ಟಾಕ ಕೊಡ್ತಿದ್ದಿಲ್ಲ." ಎಷ್ಟು ವರ್ಷದಿಂದ? "ಆಕಿ ಮದಿವಿ ಆಗಿ ಬಂದಾಗಿಂದ."

ನನ್ನ ತಲೆಯಲ್ಲಿ ದೀಪ ಹತ್ತಿತು. ಸವೆತ! ವಾರಕ್ಕೆ ಎರಡು ಸಲ, ಐವತ್ತು ವರ್ಷ, ಬೂದಿ ಹಚ್ಚಿ ತಿಕ್ಕಿದರೆ ಹಿತ್ತಾಳೆ ಉಳಿಯುತ್ತದೆಯೇ? ಕೆತ್ತಿದವನು ಕೊಟ್ಟ ಮೂಗು ಎಂದೋ ಸವೆದು ಹೋಗಿರಬೇಕು. ಅಲ್ಲಿಯವರೆಗೆ ಸರಿಯಾಗಿಯೇ ಯೋಚಿಸಿದೆ. ಆಮೇಲೆ ಮಾಡಿದ್ದು ಭೋಸರಿಯ ಕಾರ್ಖಾನೆಯವರು ಮಾತ್ರ ಮಾಡಬಲ್ಲ ತಪ್ಪು. ಬೇರಿಂಗ್ ಸವೆಯುವ ಹಾಗೆ ಮುಖವೂ ಸುತ್ತಲೂ ಒಂದೇ ಸಮ ಸವೆಯುತ್ತದೆ ಎಂದು ಲೆಕ್ಕ ಹಾಕಿ, ಆ ಚೆಂದದ ಮುಖವನ್ನು ಅರದಿಂದ ಎಲ್ಲ ಕಡೆ ಸಮನಾಗಿ ಉಜ್ಜಿದೆ. ಹುಬ್ಬು ಇಳಿಯಿತು, ಮೂಗು ಇಳಿಯಿತು, ತುಟಿ ತೆಳುವಾಯಿತು. ಅಂಚಿನಿಂದ ಅಂಚಿಗೆ ಕ್ಯಾಲಿಪರ್ ಹಿಡಿದು ನೋಡಿಕೊಂಡೆ, ಎಡಬಲ ಒಂದು ನೂಲೂ ವ್ಯತ್ಯಾಸ ಇರಲಿಲ್ಲ. ಒಯ್ದು ಕೊಟ್ಟೆ.

ಮುದುಕಿ ಈ ಸಲ ನಕ್ಕೇಬಿಟ್ಟಳು. ಟೆಂಪೊ ಕೆಟ್ಟ ದಿನದಿಂದ ಆಕೆ ನಕ್ಕದ್ದು ಅದೇ ಮೊದಲು ಎಂದು ಸೊಸೆ ಆಮೇಲೆ ಹೇಳಿದಳು. "ಪಾಪ, ಈಕಿ ಜ್ವರಾ ಬಂದು ಎದ್ದಂಗ ಅದಾಳಲ್ಲೋ ತಮ್ಮಾ! ನೀ ಏನ ಮಾಡಿದಿ ಈಕಿಗೆ?"

ನನಗೂ ನಗು ಬಂತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸೋತವನ ಮುಂದೆ ಹೀಗೆ ನಗುವವರನ್ನು ದ್ವೇಷಿಸುವುದು ಕಷ್ಟ. ಆಕೆ, "ಇರ್ಲಿ, ಮನಿಗೆ ಬಂದಾಳ, ಮಾರಿ ತೊಳದು ಕಳಸೂಣು" ಎಂದು ಸೊಸೆಯಿಂದ ನೀರು, ಹುಣಸೆಹಣ್ಣು ತರಿಸಿಕೊಂಡಳು. ಬೇಡವಾದ ಮುಖಕ್ಕೂ ಬಂದ ಅತಿಥಿಯ ಮರ್ಯಾದೆ. ಎಡ ಅಂಗೈಯನ್ನು ಅದರ ಹಿಂದೆ ಕೊಟ್ಟು, ಕೂಸಿನ ತಲೆ ಹಿಡಿದಂತೆ ಹಿಡಿದು, ಬಲಗೈ ಹೆಬ್ಬೆರಳಿನಿಂದ ತಿಕ್ಕತೊಡಗಿದಳು.

ನಾನು ಆ ಬೆರಳನ್ನೇ ನೋಡುತ್ತ ಕೂತೆ. ಎಂದೋ ಕೆಲಸದ ಮೇಲೆ ಇಟ್ಟಿಗೆ ಬಿದ್ದು ಜಜ್ಜಿ, ತುದಿ ಹೊರಕ್ಕೆ ಬಾಗಿದ ಹೆಬ್ಬೆರಳು ಅದು. ಹುಬ್ಬುಗಳ ನಡುವಿನಿಂದ ಹೊರಟು, ಮೂಗಿನ ಒಂದು ಪಕ್ಕ ಇಳಿದು, ಕೆನ್ನೆಯನ್ನು ಸುತ್ತಿ, ತುಟಿಯ ಮೂಲೆಗೆ ಬಂದು ನಿಲ್ಲುತ್ತಿತ್ತು. ಪ್ರತಿ ಸಲವೂ ಅದೇ ದಾರಿ. ಪ್ರತಿ ಸಲವೂ ಒಂದೆರಡು ಕಡೆ ಎಡವುತ್ತಿತ್ತು. ಕೊನೆಗೆ ಆಕೆ ಕೈ ನಿಲ್ಲಿಸಿ, ನನಗಲ್ಲ, ತನಗೇ ಹೇಳಿಕೊಂಡಳು: "ಇಲ್ಲಿ ಹೆಬ್ಬಟ್ಟು ಕೂಡವಲ್ದು."

ಹೆಬ್ಬೆರಳು ಕೂರುತ್ತಿಲ್ಲ. ಇಷ್ಟು ದಿನ ಹುಡುಕಿದ ವಿವರ ಅದೇ ಆಗಿತ್ತು. ಆ ಮುಖ ಆಕೆಗೆ ಕಣ್ಣಿನಲ್ಲಿ ನೆನಪಿರಲಿಲ್ಲ, ಬೆರಳಿನಲ್ಲಿ ನೆನಪಿತ್ತು. ಐವತ್ತು ವರ್ಷ ಒಂದೇ ಬೆರಳು ಓಡಾಡಿದ ದಾರಿಯೇ ಅವರ ಅವ್ವ.

ಮರುದಿನ ಸಂಜೆ ಕೆಲಸ ಬಿಟ್ಟವನೇ ಜೇನುಮೇಣದ ಉಂಡೆ ಹಿಡಿದು ಚಾಳಿಗೆ ಹೋದೆ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಕಣ್ಣು ಮೂಗು ಬಾಯಿ ದಪ್ಪದಪ್ಪವಾಗಿ ಎಬ್ಬಿಸಿ ಆಕೆಯ ಕೈಗೆ ಕೊಟ್ಟೆ. "ಇದು ನಿಮ್ಮವ್ವ ಅಂತ ತಿಳ್ಕೊಂಡು ತೊಳೀರಿ" ಎಂದೆ. ಆಕೆ ಹಿಂಜರಿದಳು. "ನಾ ಮುಟ್ಟಬೌದೇನು? ಕಳದ ಕೈ ಅದು" ಎಂದಳು. ಆ ಮಾತಿಗೆ ಮಗ ಎದ್ದು ಹೊರಗೆ ಹೋದ. ನನಗೆ ತೋಚಿದ್ದನ್ನೇ ಹೇಳಿದೆ: "ಆ ಕೈ ಬಿಟ್ರ ಬ್ಯಾರೆ ಯಾರಿಗೂ ಆಕಿ ಗುರ್ತ ಇಲ್ಲಲ್ರೀ."

ಆಮೇಲೆ ತೊಳೆದಳು. ಮೇಣ ಆರಿದಾಗೆಲ್ಲ ಬಿಸಿನೀರಿನಲ್ಲಿ ಅದ್ದಿ ಮತ್ತೆ ಮತ್ತೆ ಕೊಟ್ಟೆ. ಮೂಗಿನ ಒಂದು ಪಕ್ಕ ತಗ್ಗಿತು. ಒಂದು ಕೆನ್ನೆ ಗುಳಿ ಬಿತ್ತು, ಇನ್ನೊಂದು ತುಂಬಿಕೊಂಡೇ ಉಳಿಯಿತು. ಬೆರಳು ಬಂದು ನಿಲ್ಲುವ ಕಡೆ ತುಟಿಯ ಮೂಲೆ ಒಳಗೆ ಸರಿದು, ಒಂದೇ ಬದಿಯಲ್ಲಿ ನಗುವಂತಾಯಿತು. ನಡುವಿನ ಪಾಲು ಗಿಡ್ಡ, ಕೆಳಗಿನ ಪಾಲು ಉದ್ದ. ಶಾಸ್ತ್ರ ಬಲ್ಲವರು ನೋಡಿದರೆ ಕೆತ್ತಿದವನ ಕೈ ಮುರಿಯಬೇಕು ಎನ್ನುತ್ತಿದ್ದರು. ಒಲೆಯ ಹತ್ತಿರದಿಂದ ಇಣುಕಿದ ಸೊಸೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಇಷ್ಟಾದರೂ ಕೆಲಸ ಮುಗಿದಿರಲಿಲ್ಲ. ಆ ಮೇಣದ ಮೇಲೆಯೇ ಎರಕ ಹೊಯ್ದರೆ ಹಿತ್ತಾಳೆ ಕುಗ್ಗುತ್ತದೆ, ಬೆರಳಿನ ದಾರಿಯೂ ಅದರೊಂದಿಗೆ ಕುಗ್ಗುತ್ತದೆ. ನೋಡುವ ಕಣ್ಣಿಗೆ ಅದು ಗೊತ್ತಾಗುವಷ್ಟಲ್ಲ. ಆದರೆ ಇಲ್ಲಿ ನೋಡುವುದು ಕಣ್ಣಲ್ಲವಲ್ಲ. ಆಗ ನನ್ನ ಪಟ್ಟಿ ನೆನಪಾಯಿತು, ಪಂಪು ವಾಲ್ವುಗಳಿಗೆ ಹಿಡಿಯುತ್ತಿದ್ದ ಆ ಉದ್ದ ಇಂಚಿನ ಪಟ್ಟಿ. ಮೇಣದ ಒಂದೊಂದು ಉಬ್ಬು ತಗ್ಗನ್ನು ಸಾದಾ ಪಟ್ಟಿಯಿಂದ ಅಳೆದು, ಅದೇ ಅಂಕಿಯನ್ನು ಉದ್ದ ಪಟ್ಟಿಯಿಂದ ಸಾಗುವಾನಿಯ ಮೇಲೆ ಗುರುತು ಹಾಕಿದೆ. ಬದುಕಿನಲ್ಲಿ ಸಾವಿರಾರು ಪ್ಯಾಟರ್ನ್ ಮಾಡಿದ್ದೇನೆ. ಒಂದೊಂದು ಗುರುತನ್ನೂ ಮೂರು ಮೂರು ಸಲ ಅಳೆದದ್ದು ಅದೊಂದಕ್ಕೇ.

ಕೆತ್ತುವಾಗ ಮಾವನ ಇನ್ನೊಂದು ಪದ್ಧತಿ ನೆನಪಿಗೆ ಬಂತು. ಯಾರಾದರೂ ಮೂರ್ತಿ ಮಾಡಿಸಲು ಬಂದರೆ ಅವನು ಮೊದಲು, ಕೈ ಚಾಚಿ ಎನ್ನುತ್ತಿದ್ದ. ಅವರ ನಡುಬೆರಳಿನ ನಡುಗೆಣ್ಣಿಗೆ ತೆಂಗಿನ ಗರಿಯ ಕಡ್ಡಿ ಹಿಡಿದು, ಅಷ್ಟುದ್ದಕ್ಕೆ ಮುರಿದು, ಅದನ್ನೇ ಒಂದು ಅಂಗುಲ ಎಂದು ಇಟ್ಟುಕೊಳ್ಳುತ್ತಿದ್ದ. ದೇವಿಯ ಹಣೆ, ಮೂಗು, ಗದ್ದ ಎಲ್ಲ ಆ ಕಡ್ಡಿಯ ಲೆಕ್ಕದಲ್ಲಿ. ಬಂದವರಿಗೆ ಮರ್ಯಾದೆ ತೋರಿಸುತ್ತಾನೆ ಎಂದು ನಾನು ತಿಳಿದಿದ್ದೆ. ಪುಣೆಗೆ ಬಂದು ಉಕ್ಕಿನ ಪಟ್ಟಿ ಸಿಕ್ಕ ಮೇಲೆ ಮೂರು ಪಾಲನ್ನು ಉಳಿಸಿಕೊಂಡೆ, ಆ ಕಡ್ಡಿಯನ್ನು ಮರೆತೆ. ಶಾಸ್ತ್ರ ಶುರುವಾಗುವುದೇ ಪೂಜೆ ಮಾಡುವವರ ಬೆರಳಿನಿಂದ ಎಂದು ಅರ್ಥವಾಗಲು ನನಗೆ ಅರವತ್ತು ವರ್ಷ ಬೇಕಾಯಿತು. ಮಾವ ಈಗ ಇಲ್ಲ. ಇದ್ದಿದ್ದರೆ ಕಾಲು ಹಿಡಿಯುತ್ತಿದ್ದೆ, ಅವನು ಬೈಯುತ್ತಿದ್ದ, ಇಬ್ಬರಿಗೂ ಸಮಾಧಾನ ಆಗುತ್ತಿತ್ತು.

ಎರಕದ ದಿನ ಮಗ ಮಿಂದು, ಉಪವಾಸ ಇದ್ದು ಬಂದು ಮರಳು ಕಟ್ಟಿದ. ಎರಕ ತಣಿದ ಮೇಲೆ ನಾನು ಮುಖವನ್ನು ಮನೆಗೆ ತಂದೆ, ಯಂತ್ರದ ಹೊಳಪಿಗೆ ಕೊಡಲು ಮನಸ್ಸಾಗಲಿಲ್ಲ. ಹೆಂಡತಿ ಹುಣಸೆಹಣ್ಣು ಕಿವುಚುತ್ತ ಅದನ್ನು ಓರೆಯಾಗಿ ನೋಡಿ, "ಈಕಿ ಮೂಗೂ ಗಿಡ್ಡನ ಅದಲ್ರೀ" ಎಂದಳು. ಹೌದು, ಬಹಳ ಚಂದ ಇದೆ ಎಂದೆ. ಮೂವತ್ತೈದು ವರ್ಷ ತಡವಾಗಿ ಹೇಳಿದ ಮಾತು. ಅವಳು ಕೇಳಿಸದವಳಂತೆ ಹುಣಸೆಹಣ್ಣು ಕಿವುಚಿದಳು, ಆದರೆ ಅಂದು ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಘಟ್ಟ ಹಾಕುವ, ಎಂದರೆ ನವರಾತ್ರಿಗೆ ದೇವಿಯ ಕೊಡ ಕೂಡಿಸುವ, ಹಿಂದಿನ ದಿನ ಮಧ್ಯಾಹ್ನ ಚಾಳಿಗೆ ಹೋದೆವು, ಹೆಂಡತಿಯೂ ಬಂದಳು. ಅವ್ವನ ಮೂಲೆಯಲ್ಲಿ ಕೊಡ ತುಂಬಿಸಿ ಇಟ್ಟಿದ್ದರು. ಒಳಗೆ ತಾಟುಗಳು ಸಾಲಾಗಿದ್ದವು. ಮುದುಕಿಯ ತಾಟು ಮಾತ್ರ ಎಂದಿನಂತೆ ಹೊಸ್ತಿಲ ಬಳಿ. ನಾನು ವಸ್ತ್ರ ಬಿಚ್ಚಿ ಮುಖವನ್ನು ಆಕೆಯ ಕೈಗೆ ಇಟ್ಟೆ. ಈ ಸಲವೂ ಬೇಡವೆಂದರೆ ಮತ್ತೊಂದು ಮಾಡಲು ದಿನಗಳಿರಲಿಲ್ಲ, ನನಗೆ ಧೈರ್ಯವೂ ಇರಲಿಲ್ಲ.

ಆಕೆ ನೋಡಲಿಲ್ಲ. ನೀರಿನಲ್ಲಿ ಅದ್ದಿ, ಎಡ ಅಂಗೈಗೆ ಆನಿಸಿ, ಹೆಬ್ಬೆರಳು ಇಟ್ಟಳು. ಹುಬ್ಬಿನ ನಡುವಿನಿಂದ ಮೂಗಿನ ಪಕ್ಕಕ್ಕೆ ಬೆರಳು ಎಲ್ಲೂ ತಡೆಯದೆ ಇಳಿಯಿತು. ಕೆನ್ನೆ ಸುತ್ತಿತು. ತುಟಿಯ ಮೂಲೆಗೆ ಬಂದು ಅಲ್ಲೇ ನಿಂತಿತು. ಆಕೆ ಕೈ ತೆಗೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಆಕೆ ಮುಖವನ್ನು ಬೆಳಕಿಗೆ ಹಿಡಿದು, ಮೊದಲ ಸಲ ಕಣ್ಣಿನಿಂದ ನೋಡಿದಳು.

"ಈಕಿ ಆಕಿ ಅಲ್ಲ" ಎಂದಳು.

ನಾನು ಬಿಚ್ಚಿಟ್ಟ ವಸ್ತ್ರಕ್ಕೆ ಕೈ ಹಾಕಿದೆ. ಆಕೆ ಸೆರಗಿನಿಂದ ಮುಖದ ನೀರು ಒರೆಸುತ್ತ, ಯಾರನ್ನೂ ನೋಡದೆ ಮುಂದುವರಿಸಿದಳು. "ಈಕಿ ಆಕಿ ತಂಗಿ. ಅಕ್ಕನ್ನ ನಾ ಕಳಕೊಂಡೀನಿ, ಅದು ನಾ ಸಾಯೂತನಕಾ ಹೋಗಂಗಿಲ್ಲ. ಆದ್ರ ತಂಗಿ ದಾರಿ ಕೇಳಕೋಂತ ಮನಿತನಕಾ ಬಂದಾಗ, ಹೊಸ್ತಿಲದಾಗ ಬೆನ್ನ ಮಾಡಿ ಕೂತು ಉಂಡ್ರ ಚಂದ ಕಾಣತದೇನು?"

ಆಮೇಲೆ ತನ್ನ ತಾಟನ್ನು ತಾನೇ ಎತ್ತಿಕೊಂಡು ಒಳಗೆ ಬಂದು, ಸಾಲಿನಲ್ಲಿ ಕೂತಳು.